ಯಾನ್ ವಾನ್ ಬ್ರಾಕೆಲ್

ಯಾನ್ ವಾನ್ ಬ್ರಾಕೆಲ್ (ಸು. 1638 – 10 ಜುಲೈ 1690) ಹದಿನೇಳನೆಯ ಶತಮಾನದ ಡಚ್ ನೌಕಾಧಿಕಾರಿ. ರಾಟರ್‌ಡ್ಯಾಮ್ ನಗರದ ಅಡ್ಮಿರಾಲ್ಟಿಯ ಸೇವೆಯಲ್ಲಿ ಯುದ್ಧನೌಕೆಯ ಕ್ಯಾಪ್ಟನ್ ಆಗಿದ್ದ ಈತ ಎರಡನೆಯ ಮತ್ತು ಮೂರನೆಯ ಆಂಗ್ಲೋ-ಡಚ್ ಯುದ್ಧಗಳಲ್ಲಿ ಹೆಸರು ಪಡೆದ. 1667ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಮೆಡ್ವೇ ನದಿಯ ಮೇಲೆ ನಡೆದ ದಾಳಿಯಲ್ಲಿ, ಆಜ್ಞೋಲ್ಲಂಘನೆಯ ಆರೋಪದ ಮೇಲೆ ಬಂಧನದಲ್ಲಿದ್ದಾಗಲೇ, ನದಿಗೆ ಅಡ್ಡಲಾಗಿ ಹಾಕಿದ್ದ ಕಬ್ಬಿಣದ ಸರಪಳಿಯ ಕಾವಲು ಹಡಗನ್ನು ವಶಪಡಿಸಿಕೊಂಡದ್ದು ಈತನ ಅತ್ಯಂತ ಪ್ರಸಿದ್ಧ ಸಾಧನೆ. 1672ರ ಸೋಲ್‌ಬೇ ಕದನದಲ್ಲಿ ತನ್ನ ಹಡಗಿಗಿಂತ ಬಹಳ ದೊಡ್ಡದಾದ ಇಂಗ್ಲಿಷ್ ಧ್ವಜನೌಕೆಯನ್ನು ತಡೆದು ನಿಲ್ಲಿಸಿದ. 1690ರ ಬೀಚಿ ಹೆಡ್ ಕದನದಲ್ಲಿ ಇಂಗ್ಲಿಷರ ಮಿತ್ರನಾಗಿ ಫ್ರೆಂಚರ ವಿರುದ್ಧ ಹೋರಾಡುತ್ತ ಮಡಿದ.

ಈ ಲೇಖನದಲ್ಲಿನ ದಿನಾಂಕಗಳು ಗ್ರೆಗೋರಿಯನ್ ಪಂಚಾಂಗಕ್ಕೆ ಸೇರಿದವು. ಆ ಕಾಲದ ಇಂಗ್ಲೆಂಡಿನಲ್ಲಿ ಜೂಲಿಯನ್ ಪಂಚಾಂಗ ಬಳಕೆಯಲ್ಲಿದ್ದುದರಿಂದ ಇಂಗ್ಲಿಷ್ ದಾಖಲೆಗಳಲ್ಲಿ ಇದೇ ಘಟನೆಗಳ ದಿನಾಂಕ ಹತ್ತು ದಿನ ಹಿಂದಿರುತ್ತದೆ.

## ಡಚ್ ನೌಕಾಪಡೆ ಮತ್ತು ಕ್ಯಾಪ್ಟನ್‌ನ ಸ್ಥಾನ

ಹದಿನೇಳನೆಯ ಶತಮಾನದ ಡಚ್ ಗಣರಾಜ್ಯವು ಏಳು ಪ್ರಾಂತ್ಯಗಳ ಒಕ್ಕೂಟವಾಗಿತ್ತು. ಅದರ ನೌಕಾಪಡೆಗೆ ಒಂದೇ ಕೇಂದ್ರ ಆಡಳಿತವಿರಲಿಲ್ಲ. ರಾಟರ್‌ಡ್ಯಾಮಿನ ಮಾಸ್, ಆಮ್‌ಸ್ಟರ್‌ಡ್ಯಾಮ್, ಜೀಲ್ಯಾಂಡ್, ನೋರ್ಡರ್‌ಕ್ವಾರ್ಟಿಯರ್ ಮತ್ತು ಫ್ರೀಸ್‌ಲ್ಯಾಂಡ್ ಎಂಬ ಐದು ಅಡ್ಮಿರಾಲ್ಟಿಗಳು ತಮ್ಮತಮ್ಮ ಹಡಗುಗಳನ್ನು ಕಟ್ಟಿಸಿ, ಕ್ಯಾಪ್ಟನ್‌ಗಳನ್ನು ನೇಮಿಸಿ, ಯುದ್ಧಕಾಲದಲ್ಲಿ ಒಂದೇ ದಂಡನಾಯಕನ ಕೈಕೆಳಗೆ ಕಳುಹಿಸುತ್ತಿದ್ದವು. ಆಮದು-ರಫ್ತಿನ ಸರಕಿನ ಮೇಲೆ ವಿಧಿಸುತ್ತಿದ್ದ ಸುಂಕ ಇವುಗಳ ಮುಖ್ಯ ಆದಾಯ. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಈ ವ್ಯವಸ್ಥೆಗೆ ಸೇರಿದವಲ್ಲ. ಅವು ಒಂದು ವ್ಯಾಪಾರಿ ಸಂಸ್ಥೆಯ ಸ್ವತ್ತು. ವಾನ್ ಬ್ರಾಕೆಲ್ ಸೇವೆ ಸಲ್ಲಿಸಿದ್ದು ಮಾಸ್ ಅಡ್ಮಿರಾಲ್ಟಿಯಲ್ಲಿ.

ಹಡಗಿನ ಮೇಲೆ ಕ್ಯಾಪ್ಟನ್‌ಗೆ ಬಹಳ ವಿಸ್ತಾರವಾದ ಹೊಣೆಯಿತ್ತು. ನಾವಿಕರನ್ನು ಕಲೆಹಾಕುವುದು ಅವನ ಕೆಲಸ. ಅವರಿಗೆ ಊಟ ಒದಗಿಸುವುದೂ ಅವನದೇ ಹೊಣೆ. ಒಬ್ಬ ನಾವಿಕನಿಗೆ ದಿನಕ್ಕೆ ಇಷ್ಟು ಎಂದು ಅಡ್ಮಿರಾಲ್ಟಿ ಗೊತ್ತುಮಾಡಿ ಕೊಡುತ್ತಿದ್ದ ಹಣದಲ್ಲಿ ಒಣರೊಟ್ಟಿ, ಬಟಾಣಿ, ಉಪ್ಪು ಹಾಕಿದ ಮಾಂಸ, ಚೀಸ್, ಬಿಯರ್ ಮುಂತಾದವನ್ನು ಅವನೇ ಕೊಳ್ಳಬೇಕಿತ್ತು. ಮಿತವ್ಯಯ ಮಾಡಿದರೆ ಉಳಿದದ್ದು ಅವನ ಲಾಭ. ಶತ್ರುವಿನ ಹಡಗನ್ನು ಸೆರೆಹಿಡಿದರೆ ಬರುವ ಬಹುಮಾನದಲ್ಲಿ ಅವನಿಗೂ ನಾವಿಕರಿಗೂ ಪಾಲು ಸಿಗುತ್ತಿತ್ತು. ಹೀಗೆ ಕ್ಯಾಪ್ಟನ್ ರಾಜ್ಯದ ಅಧಿಕಾರಿಯೂ ಸ್ವಲ್ಪಮಟ್ಟಿಗೆ ಗುತ್ತಿಗೆದಾರನೂ ಆಗಿದ್ದ. ಲೂಟಿಯ ಆಸೆಯನ್ನು ಹತೋಟಿಯಲ್ಲಿಡುವುದು ಈ ನೌಕಾಪಡೆಯ ಹಿರಿಯರಿಗೆ ಸದಾ ತೊಡಕಿನ ಸಂಗತಿಯಾಗಿದ್ದುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಗಂಭೀರವಾದ ಇನ್ನೊಂದು ತೊಂದರೆ ಕದನರಂಗದಿಂದ ಹಿಂದೆ ಸರಿಯುವ ಕ್ಯಾಪ್ಟನ್‌ಗಳದ್ದು. 13 ಜೂನ್ 1665ರಂದು ಲೋಸ್ಟಾಫ್ಟ್ ಬಳಿ ನಡೆದ ಕದನದಲ್ಲಿ ಡಚ್ ದಂಡನಾಯಕ ವಾನ್ ವಾಸೆನಾರ್ ಒಬ್ದಾಮ್‌ನ ಧ್ವಜನೌಕೆ ಸಿಡಿದು ಅವನು ಸತ್ತಾಗ, ಹಲವು ಹಡಗುಗಳು ಸಾಲು ಬಿಟ್ಟು ಓಡಿದವು. ಆಮೇಲೆ ನಡೆದ ವಿಚಾರಣೆಯಲ್ಲಿ ಕೆಲವು ಕ್ಯಾಪ್ಟನ್‌ಗಳಿಗೆ ಮರಣದಂಡನೆಯಾಯಿತು. ಅದೇ ವರ್ಷ ನೌಕಾಪಡೆಯ ನಾಯಕತ್ವ ವಹಿಸಿಕೊಂಡ ಮಿಖೀಲ್ ಡಿ ರೌಟರ್, ಹಡಗುಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಸಾಗಿ ಹೋರಾಡುವ ಪದ್ಧತಿಯನ್ನೂ ಕಟ್ಟುನಿಟ್ಟಾದ ಶಿಸ್ತನ್ನೂ ರೂಢಿಸಲು ಶ್ರಮಿಸಿದ. ವಾನ್ ಬ್ರಾಕೆಲ್‌ನ ವೃತ್ತಿಜೀವನ ರೂಪುಗೊಂಡದ್ದು ಈ ವಾತಾವರಣದಲ್ಲಿ.

## ಮೆಡ್ವೇ ದಾಳಿ (1667)

### ಹಿನ್ನೆಲೆ

1666ರಲ್ಲಿ ಎರಡೂ ಪಕ್ಷಗಳು ಒಂದೊಂದು ದೊಡ್ಡ ಕದನವನ್ನು ಗೆದ್ದವು. ಆಗಸ್ಟ್‌ನಲ್ಲಿ ಇಂಗ್ಲಿಷ್ ಅಧಿಕಾರಿ ರಾಬರ್ಟ್ ಹೋಮ್ಸ್ ಡಚ್ ಕರಾವಳಿಯ ಫ್ಲೀ ಜಲಮಾರ್ಗದಲ್ಲಿ ಲಂಗರು ಹಾಕಿದ್ದ ನೂರಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನೂ ಟೆರ್ಸ್ಖೆಲಿಂಗ್ ದ್ವೀಪದ ಊರೊಂದನ್ನೂ ಸುಟ್ಟುಹಾಕಿದ. ಇದಕ್ಕೆ ಪ್ರತೀಕಾರ ತೀರಿಸಬೇಕೆಂಬ ಒತ್ತಾಯ ಡಚ್ಚರಲ್ಲಿ ಬಲವಾಯಿತು.

ಇತ್ತ ಇಂಗ್ಲೆಂಡ್ 1665ರ ಪ್ಲೇಗ್ ಮತ್ತು 1666ರ ಲಂಡನ್ ಅಗ್ನಿದುರಂತದಿಂದ ಸೊರಗಿತ್ತು. ಹಣವಿಲ್ಲದ ಎರಡನೆಯ ಚಾರ್ಲ್ಸ್‌ನ ಸರ್ಕಾರ 1667ರಲ್ಲಿ ದೊಡ್ಡ ಯುದ್ಧನೌಕೆಗಳನ್ನು ಸಮುದ್ರಕ್ಕೆ ಇಳಿಸದೆ, ಮೆಡ್ವೇ ನದಿಯ ದಡದಲ್ಲಿರುವ ಚ್ಯಾಟಮ್ ನೌಕಾಂಗಣದ ಬಳಿ ಕಟ್ಟಿಹಾಕಿತು. ನಾವಿಕರಿಗೆ ಸಂಬಳದ ಬದಲು ಚೀಟಿ ಕೊಡಲಾಗುತ್ತಿತ್ತು. ಹೊಟ್ಟೆಗಿಲ್ಲದ ಕೆಲವರು ಡಚ್ ಹಡಗುಗಳಲ್ಲಿ ಕೆಲಸಕ್ಕೆ ಸೇರಿದರು. ಬ್ರೆಡಾ ನಗರದಲ್ಲಿ ಸಂಧಾನದ ಮಾತುಕತೆ ನಡೆಯುತ್ತಿದ್ದುದರಿಂದ ದೊಡ್ಡ ದಾಳಿಯ ಭಯ ಇಂಗ್ಲಿಷರಿಗೆ ಇರಲಿಲ್ಲ. ಡಚ್ ರಾಜಕೀಯದ ಪ್ರಮುಖ ಯೋಹಾನ್ ಡಿ ವಿಟ್ ಇದನ್ನೇ ಅವಕಾಶವೆಂದು ಬಗೆದ. ಶತ್ರುವಿನ ಮನೆಬಾಗಿಲಲ್ಲೇ ಪೆಟ್ಟು ಕೊಟ್ಟರೆ ಸಂಧಾನ ಬೇಗ ಮುಗಿಯುತ್ತದೆಂಬುದು ಅವನ ಎಣಿಕೆ. ಅವನ ಅಣ್ಣ ಕಾರ್ನೆಲಿಸ್ ಡಿ ವಿಟ್ ಗಣರಾಜ್ಯದ ಪ್ರತಿನಿಧಿಯಾಗಿ ಡಿ ರೌಟರ್‌ನ ಜೊತೆ ಹಡಗು ಹತ್ತಿದ.

### ಬಂಧನ

20 ಜೂನ್‌ರಂದು ಡಚ್ಚರು ಮೆಡ್ವೇ ನದಿಯ ಮುಖದಲ್ಲಿದ್ದ, ಇನ್ನೂ ಕಟ್ಟಿ ಮುಗಿಯದ ಶೀರ್‌ನೆಸ್ ಕೋಟೆಯನ್ನು ಹಿಡಿದರು. ನದಿಯೊಳಗೆ ಹೋಗಬೇಕಾದ ಪಡೆಯ ನಾಯಕತ್ವ ವಿಲ್ಲೆಮ್ ಯೋಸೆಫ್ ವಾನ್ ಘೆಂಟ್‌ನದಾಗಿತ್ತು. ಇದಕ್ಕೆ ಮುಂಚೆ ಥೇಮ್ಸ್ ಮುಖದ ದಡಗಳಲ್ಲಿ ನಾವಿಕರು ಲೂಟಿ ನಡೆಸಿದ್ದು ಕಾರ್ನೆಲಿಸ್ ಡಿ ವಿಟ್‌ನ ಕೋಪಕ್ಕೆ ಕಾರಣವಾಗಿತ್ತು. ಟೆರ್ಸ್ಖೆಲಿಂಗ್‌ನಲ್ಲಿ ಇಂಗ್ಲಿಷರು ಮಾಡಿದ್ದನ್ನು ಖಂಡಿಸುತ್ತಿದ್ದ ಗಣರಾಜ್ಯ ಅದನ್ನೇ ತಾನೂ ಮಾಡಿದರೆ ಮರ್ಯಾದೆ ಉಳಿಯದು ಎಂಬ ನಿಲುವು ಅವನದು. ಇಂಥ ಸಮಯದಲ್ಲಿ, ಆಜ್ಞೆ ಮೀರಿ ತನ್ನ ನಾವಿಕರನ್ನು ದಡದಲ್ಲಿ ಲೂಟಿಗೆ ಬಿಟ್ಟನೆಂಬ ಆರೋಪದ ಮೇಲೆ ವಾನ್ ಬ್ರಾಕೆಲ್‌ನನ್ನು ಬಂಧನದಲ್ಲಿಡಲಾಯಿತು. ವಿಚಾರಣೆ ಬಾಕಿಯಿತ್ತು.

### ಸರಪಳಿಯ ಬಳಿ ಕದನ

ಗಿಲ್ಲಿಂಗ್‌ಹ್ಯಾಮ್ ಊರಿನ ಬಳಿ ಇಂಗ್ಲಿಷರು ನದಿಗೆ ಅಡ್ಡಲಾಗಿ ಭಾರಿ ಕಬ್ಬಿಣದ ಸರಪಳಿಯನ್ನು ಕಟ್ಟಿದ್ದರು. ಅದರ ಎರಡು ತುದಿಗಳಲ್ಲಿ ಫಿರಂಗಿಗಳ ಬುರುಜುಗಳಿದ್ದವು. ಸರಪಳಿಯ ಹೊರಗೆ ‘ಯೂನಿಟಿ’ ಎಂಬ ಕಾವಲು ಹಡಗು, ಒಳಗೆ ‘ಮಥಾಯಸ್’ ಮತ್ತು ‘ಚಾರ್ಲ್ಸ್ ದಿ ಫಿಫ್ತ್’ ನಿಂತಿದ್ದವು. ಈ ಮೂರೂ ಹಿಂದಿನ ಕದನಗಳಲ್ಲಿ ಇಂಗ್ಲಿಷರು ಡಚ್ಚರಿಂದಲೇ ಕಸಿದುಕೊಂಡಿದ್ದ ಹಡಗುಗಳು. ಅವುಗಳ ಹಿಂದೆ, ನದಿಯ ಮೇಲ್ಭಾಗದಲ್ಲಿ, ಇಂಗ್ಲಿಷ್ ನೌಕಾಪಡೆಯ ಹೆಮ್ಮೆಯಾದ ‘ರಾಯಲ್ ಚಾರ್ಲ್ಸ್’ ಇತ್ತು. 1660ರಲ್ಲಿ ದೇಶಭ್ರಷ್ಟನಾಗಿದ್ದ ಎರಡನೆಯ ಚಾರ್ಲ್ಸ್‌ನನ್ನು ಹಾಲೆಂಡಿನ ದಡದಿಂದ ಇಂಗ್ಲೆಂಡಿಗೆ ಕರೆತಂದದ್ದು ಇದೇ ಹಡಗು.

22 ಜೂನ್‌ರಂದು ಡಚ್ ಪಡೆ ಸರಪಳಿಯ ಎದುರಿಗೆ ಬಂದು ತಡೆಯಿತು. ನದಿ ಅಂಕುಡೊಂಕಾಗಿ, ಆಳವಾದ ಭಾಗ ಇಕ್ಕಟ್ಟಾಗಿದ್ದುದರಿಂದ ಹಡಗುಗಳು ಒಂದೊಂದಾಗಿಯೇ ಮುಂದುವರಿಯಬೇಕಿತ್ತು. ಮೊದಲು ಹೋಗುವ ಹಡಗು ಯೂನಿಟಿಯ ಮತ್ತು ಎರಡು ಬುರುಜುಗಳ ಗುಂಡುಗಳನ್ನು ಒಂಟಿಯಾಗಿ ಎದುರಿಸಬೇಕಿತ್ತು. ಆಗ ಬಂಧನದಲ್ಲಿದ್ದ ವಾನ್ ಬ್ರಾಕೆಲ್, ತನ್ನನ್ನು ಬಿಟ್ಟರೆ ಆ ಕೆಲಸವನ್ನು ತಾನೇ ಮಾಡುವುದಾಗಿ ಹೇಳಿಕೊಂಡ. ಅದಕ್ಕೆ ಒಪ್ಪಿಗೆ ದೊರೆಯಿತು.

ಅವನ ಹಡಗಿನ ಹೆಸರು ‘ಫ್ರೇಡೆ’. ಡಚ್ ಭಾಷೆಯಲ್ಲಿ ಇದರ ಅರ್ಥ ಶಾಂತಿ. ಅದು ಇಡೀ ಪಡೆಯಲ್ಲಿ ದೊಡ್ಡ ಹಡಗೇನೂ ಅಲ್ಲ. ಗುಂಡಿನ ಸುರಿಮಳೆಯ ನಡುವೆ ತನ್ನ ಕಡೆಯಿಂದ ಒಂದು ಗುಂಡನ್ನೂ ಹಾರಿಸದೆ ವಾನ್ ಬ್ರಾಕೆಲ್ ಯೂನಿಟಿಯ ತೀರ ಸಮೀಪಕ್ಕೆ ಹೋದ. ಬಳಿಕ ಒಂದು ಪಕ್ಕದ ಫಿರಂಗಿಗಳನ್ನೆಲ್ಲ ಒಮ್ಮೆಗೇ ಹಾರಿಸಿ, ತನ್ನ ಜನರನ್ನು ಆ ಹಡಗಿನ ಮೇಲೆ ಹತ್ತಿಸಿದ. ಒಂದು ಬಾರಿ ಫಿರಂಗಿ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಲು ಹಲವು ನಿಮಿಷ ಬೇಕಾಗುತ್ತಿದ್ದ ಆ ಕಾಲದಲ್ಲಿ, ಮೊದಲ ಹೊಡೆತವನ್ನು ಕೊನೆಯ ಗಳಿಗೆಯವರೆಗೆ ಉಳಿಸಿಕೊಳ್ಳುವುದಕ್ಕೆ ವಿಶೇಷ ಬೆಲೆಯಿತ್ತು. ಯೂನಿಟಿ ಕೈವಶವಾಯಿತು.

ಕಾವಲು ಹಡಗು ದಾರಿಯಿಂದ ತೊಲಗಿದ ಕೂಡಲೇ ಅಗ್ನಿನೌಕೆಗಳು ಮುಂದೆ ಬಂದವು. ಉರಿಯುವ ಸಾಮಗ್ರಿ ತುಂಬಿ, ಶತ್ರುವಿನ ಹಡಗಿಗೆ ತಗುಲಿಸಿ ಬೆಂಕಿ ಹಚ್ಚಿ ಬಿಡುತ್ತಿದ್ದ ಹಳೆಯ ಹಡಗುಗಳಿಗೆ ಅಗ್ನಿನೌಕೆಗಳೆಂದು ಹೆಸರು. ಯಾನ್ ಡೇನಿಯಲ್ಸ್‌ಜೋನ್ ವಾನ್ ರೈನ್‌ನ ‘ಪ್ರೋ ಪಾಟ್ರಿಯಾ’ ಎಂಬ ಅಗ್ನಿನೌಕೆ ಸರಪಳಿಯನ್ನು ದಾಟಿ ಮಥಾಯಸ್‌ಗೆ ಬೆಂಕಿ ಹಚ್ಚಿತು. ಮತ್ತೊಂದು ಅಗ್ನಿನೌಕೆಯಿಂದ ಚಾರ್ಲ್ಸ್ ದಿ ಫಿಫ್ತ್ ಹೊತ್ತಿಕೊಂಡಿತು. ಅದರ ನಾವಿಕರನ್ನು ವಾನ್ ಬ್ರಾಕೆಲ್ ಸೆರೆಹಿಡಿದ. ಈ ದೃಶ್ಯ ಕಂಡು ರಾಯಲ್ ಚಾರ್ಲ್ಸ್‌ನ ಮೇಲಿದ್ದ ಕೆಲವೇ ಕಾವಲುಗಾರರು ಓಡಿಹೋದರು. ಆ ದೊಡ್ಡ ಹಡಗು ಬಹುತೇಕ ಹೋರಾಟವಿಲ್ಲದೆ ಡಚ್ಚರ ಪಾಲಾಯಿತು.

### ಸರಪಳಿ ಮುರಿದವರು ಯಾರು?

ಸರಪಳಿಯನ್ನು ಮುರಿದವನು ವಾನ್ ಬ್ರಾಕೆಲ್ ಎಂದು ಜನಪ್ರಿಯ ಬರಹಗಳಲ್ಲಿ ಹೇಳುವುದುಂಟು. ಅವನು ನೇರವಾಗಿ ಮಾಡಿದ್ದು ಅದರ ಕಾವಲು ಹಡಗನ್ನು ಹಿಡಿದದ್ದು. ಸರಪಳಿ ಹೇಗೆ ತೆರವಾಯಿತು ಎಂಬುದರಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಪ್ರೋ ಪಾಟ್ರಿಯಾದ ಭಾರಕ್ಕೆ ಅದು ಕಡಿಯಿತು ಎಂಬುದು ಒಂದು ವಾದ. ನೀರಿನಲ್ಲಿ ಜೋತುಬಿದ್ದಿದ್ದ ಸರಪಳಿಯ ಮೇಲೆಯೇ ಹಡಗು ಹಾದುಹೋಯಿತು ಎಂಬುದು ಇನ್ನೊಂದು. ಡಚ್ಚರು ಜನರನ್ನು ಕಳುಹಿಸಿ ದಡದಲ್ಲಿ ಅದನ್ನು ಕಳಚಿಸಿದರು ಎಂಬುದು ಮೂರನೆಯದು. ಯೂನಿಟಿ ವಶವಾಗದಿದ್ದರೆ ಅಗ್ನಿನೌಕೆಗಳು ಸರಪಳಿಯವರೆಗೆ ತಲುಪುವುದೇ ಕಷ್ಟವಾಗುತ್ತಿತ್ತು.

### ಪರಿಣಾಮ

ಮರುದಿನ ಡಚ್ಚರು ಅಪ್ನರ್ ಕೋಟೆಯ ಫಿರಂಗಿಗಳನ್ನು ಎದುರಿಸಿ ಮುಂದೆ ಸಾಗಿ ‘ರಾಯಲ್ ಓಕ್’, ‘ರಾಯಲ್ ಜೇಮ್ಸ್’ ಮತ್ತು ‘ಲಾಯಲ್ ಲಂಡನ್’ ಎಂಬ ಮೂರು ದೊಡ್ಡ ಯುದ್ಧನೌಕೆಗಳನ್ನು ಸುಟ್ಟರು. ರಾಯಲ್ ಚಾರ್ಲ್ಸ್ ಮತ್ತು ಯೂನಿಟಿಯನ್ನು ತಮ್ಮ ದೇಶಕ್ಕೆ ಒಯ್ದರು. ಸುಮಾರು ಐದು ವಾರಗಳ ನಂತರ, 31 ಜುಲೈ 1667ರಂದು, ಬ್ರೆಡಾ ಒಪ್ಪಂದಕ್ಕೆ ಸಹಿ ಬಿತ್ತು. ಡಚ್ ಹಡಗುಗಳ ಸರಕು ಸಾಗಣೆಗೆ ಅಡ್ಡಿಯಾಗಿದ್ದ ಇಂಗ್ಲಿಷ್ ನೌಕಾಯಾನ ಕಾಯಿದೆಯನ್ನು ಸಡಿಲಿಸಲಾಯಿತು. ಜಾಕಾಯಿ ಬೆಳೆಯುವ ರನ್ ದ್ವೀಪವೂ ಸುರಿನಾಮ್ ಪ್ರದೇಶವೂ ಡಚ್ಚರಿಗೆ ಉಳಿದವು. ಇಂದಿನ ನ್ಯೂಯಾರ್ಕ್ ಇಂಗ್ಲಿಷರಿಗೆ ಉಳಿಯಿತು.

ವಾನ್ ಬ್ರಾಕೆಲ್‌ನ ಮೇಲಿನ ಆರೋಪ ಮುಂದುವರಿಯಲಿಲ್ಲ. ಅವನಿಗೆ ಚಿನ್ನದ ಹಾರ ನೀಡಿ ಗೌರವಿಸಲಾಯಿತು. ಡಿ ರೌಟರ್, ವಾನ್ ಘೆಂಟ್ ಮತ್ತು ಕಾರ್ನೆಲಿಸ್ ಡಿ ವಿಟ್‌ಗೆ ಚಿನ್ನದ ಬಟ್ಟಲುಗಳು ದೊರೆತವು.

## ಸೋಲ್‌ಬೇ ಕದನ (1672)

1670ರಲ್ಲಿ ಎರಡನೆಯ ಚಾರ್ಲ್ಸ್ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯೊಂದಿಗೆ ಡೋವರ್‌ನಲ್ಲಿ ರಹಸ್ಯ ಒಪ್ಪಂದ ಮಾಡಿಕೊಂಡ. 1672ರಲ್ಲಿ ಫ್ರಾನ್ಸ್, ಇಂಗ್ಲೆಂಡ್ ಮತ್ತು ಎರಡು ಜರ್ಮನ್ ಸಂಸ್ಥಾನಗಳು ಒಟ್ಟಾಗಿ ಗಣರಾಜ್ಯದ ಮೇಲೆ ಯುದ್ಧ ಹೂಡಿದವು. ಡಚ್ ಇತಿಹಾಸದಲ್ಲಿ ಇದನ್ನು ‘ವಿಪತ್ತಿನ ವರ್ಷ’ ಎನ್ನುತ್ತಾರೆ. ನೆಲದಲ್ಲಿ ಫ್ರೆಂಚ್ ಸೇನೆ ವೇಗವಾಗಿ ಮುನ್ನುಗ್ಗುತ್ತಿರುವಾಗ, ಸಮುದ್ರದಿಂದಲೂ ಸೇನೆ ಇಳಿದರೆ ಗಣರಾಜ್ಯದ ಕತೆ ಮುಗಿಯುವಂತಿತ್ತು. ಇದನ್ನು ತಪ್ಪಿಸಲು ಡಿ ರೌಟರ್ 7 ಜೂನ್ 1672ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ಸೌತ್‌ವೋಲ್ಡ್ ಬಳಿಯ ಸೋಲ್‌ಬೇಯಲ್ಲಿ ಲಂಗರು ಹಾಕಿದ್ದ ಆಂಗ್ಲೋ-ಫ್ರೆಂಚ್ ಪಡೆಯ ಮೇಲೆ ಅನಿರೀಕ್ಷಿತವಾಗಿ ಎರಗಿದ.

ಇಂಗ್ಲಿಷ್ ಪಡೆಯ ಒಂದು ವಿಭಾಗದ ನಾಯಕ ಸ್ಯಾಂಡ್‌ವಿಚ್‌ನ ಅರ್ಲ್ ಎಡ್ವರ್ಡ್ ಮಾಂಟೆಗ್ಯು. ಅವನ ಧ್ವಜನೌಕೆ 100 ಫಿರಂಗಿಗಳ ‘ರಾಯಲ್ ಜೇಮ್ಸ್’. ಐದು ವರ್ಷಗಳ ಹಿಂದೆ ಮೆಡ್ವೇಯಲ್ಲಿ ಸುಟ್ಟುಹೋದ ಹಡಗಿನ ಹೆಸರನ್ನೇ ಇಟ್ಟು ಕಟ್ಟಿದ ಹೊಸ ಹಡಗು ಅದು. ವಾನ್ ಬ್ರಾಕೆಲ್ ಆಗ ಸುಮಾರು 60 ಫಿರಂಗಿಗಳ ‘ಗ್ರೋಟ್ ಹಾಲಾಂಡಿಯಾ’ದ ಕ್ಯಾಪ್ಟನ್. ಅವನು ನೇರವಾಗಿ ರಾಯಲ್ ಜೇಮ್ಸ್‌ನತ್ತ ಹೋಗಿ, ಅದರ ಮುಂಭಾಗಕ್ಕೆ ಅಡ್ಡಲಾಗಿ ತನ್ನ ಹಡಗನ್ನು ಸಿಕ್ಕಿಸಿದ. ಇದರಿಂದ ಧ್ವಜನೌಕೆಗೆ ಚಲನೆ ಇಲ್ಲದಂತಾಯಿತು. ಅದರ ಪಕ್ಕದ ಫಿರಂಗಿಗಳಲ್ಲಿ ಹೆಚ್ಚಿನವನ್ನು ಎದುರಿನ ಹಡಗಿನತ್ತ ತಿರುಗಿಸಲೂ ಆಗಲಿಲ್ಲ. ಎರಡು ಹಡಗುಗಳು ಒಂದು ಗಂಟೆಗೂ ಹೆಚ್ಚು ಕಾಲ ಹೀಗೆ ಹೆಣೆದುಕೊಂಡು ಹೋರಾಡಿದವು. ಇಂಗ್ಲಿಷ್ ನಾವಿಕರು ಒಮ್ಮೆ ಡಚ್ ಹಡಗಿನ ಮೇಲೆ ಹತ್ತಿದರೂ ನಿಲ್ಲಲಾಗಲಿಲ್ಲ.

ಕೊನೆಗೆ ರಾಯಲ್ ಜೇಮ್ಸ್‌ನ ಕ್ಯಾಪ್ಟನ್ ರಿಚರ್ಡ್ ಹ್ಯಾಡಕ್‌ನ ಸಲಹೆಯಂತೆ ಲಂಗರು ಇಳಿಸಲಾಯಿತು. ಇದರಿಂದ ಧ್ವಜನೌಕೆ ನಿಂತಲ್ಲೇ ನಿಂತು, ಗ್ರೋಟ್ ಹಾಲಾಂಡಿಯಾ ನೀರಿನ ಸೆಳೆತಕ್ಕೆ ಸಿಕ್ಕಿ ಬಿಡಿಸಿಕೊಂಡಿತು. ಆ ವೇಳೆಗೆ ಡಚ್ ಹಡಗು ಜರ್ಝರಿತವಾಗಿತ್ತು, ಅದರ ನಾವಿಕರಲ್ಲಿ ಬಹಳಷ್ಟು ಮಂದಿ ಸತ್ತಿದ್ದರು ಇಲ್ಲವೆ ಗಾಯಗೊಂಡಿದ್ದರು. ರಾಯಲ್ ಜೇಮ್ಸ್ ಕೂಡ ತನ್ನನ್ನು ರಕ್ಷಿಸಿಕೊಳ್ಳುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ಮೆಡ್ವೇಯಲ್ಲಿ ಸರಪಳಿ ದಾಟಿದ್ದ ವಾನ್ ರೈನ್ ತಂದ ಅಗ್ನಿನೌಕೆಯೊಂದು ಅದಕ್ಕೆ ತಗುಲಿ ಹಡಗು ಪೂರ್ತಿ ಉರಿದುಹೋಯಿತು. ಸ್ಯಾಂಡ್‌ವಿಚ್ ನೀರಿನಲ್ಲಿ ಮುಳುಗಿ ಸತ್ತ. ದಿನಗಳ ನಂತರ ಸಮುದ್ರದಲ್ಲಿ ತೇಲುತ್ತಿದ್ದ ದೇಹವನ್ನು ಉಡುಪಿನ ಮೇಲಿದ್ದ ಗಾರ್ಟರ್ ಪದವಿಯ ಲಾಂಛನದಿಂದ ಗುರುತಿಸಲಾಯಿತು. ಡಚ್ಚರ ಕಡೆ ವಾನ್ ಘೆಂಟ್ ಇದೇ ಕದನದಲ್ಲಿ ಮಡಿದ.

ಕದನದಲ್ಲಿ ಯಾರೂ ಸ್ಪಷ್ಟವಾಗಿ ಗೆಲ್ಲಲಿಲ್ಲ. ಆದರೆ ಮಿತ್ರಪಡೆ ದುರಸ್ತಿಗಾಗಿ ಹಿಂದಿರುಗಬೇಕಾಯಿತು. ಸಮುದ್ರದಿಂದ ಸೇನೆ ಇಳಿಸುವ ಯೋಜನೆ ನಿಂತಿತು. ಗಣರಾಜ್ಯದೊಳಗೆ ಮಾತ್ರ ಜನರ ರೋಷ ಕೆರಳಿ, 20 ಆಗಸ್ಟ್‌ರಂದು ಹೇಗ್ ನಗರದಲ್ಲಿ ಯೋಹಾನ್ ಮತ್ತು ಕಾರ್ನೆಲಿಸ್ ಡಿ ವಿಟ್ ಸೋದರರನ್ನು ಗುಂಪೊಂದು ಕೊಂದುಹಾಕಿತು. ಐದು ವರ್ಷಗಳ ಹಿಂದೆ ಚಿನ್ನದ ಬಟ್ಟಲು ಪಡೆದಿದ್ದ ಮೂವರಲ್ಲಿ ಆ ಬೇಸಿಗೆಯ ಕೊನೆಗೆ ಡಿ ರೌಟರ್ ಒಬ್ಬನೇ ಉಳಿದ. ಇಂಗ್ಲೆಂಡಿನೊಂದಿಗಿನ ಯುದ್ಧ 1674ರ ವೆಸ್ಟ್‌ಮಿನ್‌ಸ್ಟರ್ ಒಪ್ಪಂದದಿಂದ ಮುಗಿಯಿತು.

## ಬೀಚಿ ಹೆಡ್ ಕದನ ಮತ್ತು ಮರಣ (1690)

1689ರಲ್ಲಿ ಡಚ್ ಸ್ಟಾಡ್‌ಹೋಲ್ಡರ್ ಮೂರನೆಯ ವಿಲಿಯಂ ತನ್ನ ಪತ್ನಿ ಎರಡನೆಯ ಮೇರಿಯೊಂದಿಗೆ ಇಂಗ್ಲೆಂಡಿನ ಸಿಂಹಾಸನವೇರಿದ. ಇದರಿಂದ ಹಳೆಯ ವೈರಿಗಳಾದ ಇಂಗ್ಲಿಷ್ ಮತ್ತು ಡಚ್ ನೌಕಾಪಡೆಗಳು ಫ್ರಾನ್ಸಿನ ವಿರುದ್ಧ ಒಂದಾದವು. ವಾನ್ ಬ್ರಾಕೆಲ್ ಈ ಹೊತ್ತಿಗೆ ‘ಸ್ಖೌಟ್-ಬೆಯ್-ನಾಖ್ಟ್’ ಹುದ್ದೆಗೆ ಏರಿದ್ದ. ಇಂದಿನ ರಿಯರ್ ಅಡ್ಮಿರಲ್‌ಗೆ ಸಮನಾದ ಈ ಹುದ್ದೆಯ ಹೆಸರು, ರಾತ್ರಿಯ ವೇಳೆ ಪಡೆಯ ಮೇಲ್ವಿಚಾರಣೆ ಮಾಡುವವನು ಎಂಬ ಅರ್ಥದಿಂದ ಬಂದದ್ದು.

1690ರ ಬೇಸಿಗೆಯಲ್ಲಿ ವಿಲಿಯಂ ಐರ್ಲೆಂಡಿನಲ್ಲಿ ಯುದ್ಧದಲ್ಲಿದ್ದಾಗ, ಕೌಂಟ್ ಟೂರ್ವಿಲ್ ನಾಯಕತ್ವದ ಎಪ್ಪತ್ತಕ್ಕೂ ಹೆಚ್ಚು ಹಡಗುಗಳ ಫ್ರೆಂಚ್ ಪಡೆ ಇಂಗ್ಲಿಷ್ ಕಾಲುವೆಗೆ ಬಂತು. ಮಿತ್ರಪಡೆಯ ಬಳಿ ಇದ್ದದ್ದು ಐವತ್ತಾರರಷ್ಟು ಹಡಗುಗಳು. ಅದರ ಮುಖ್ಯಸ್ಥ ಇಂಗ್ಲಿಷ್ ಅಡ್ಮಿರಲ್ ಟಾರಿಂಗ್ಟನ್, ಬಲ ಹೆಚ್ಚುವವರೆಗೆ ಕದನ ತಪ್ಪಿಸಬೇಕೆಂದು ಬಯಸಿದ. ಲಂಡನ್ನಿನಿಂದ ರಾಣಿ ಮೇರಿಯ ಆಜ್ಞೆ ಬಂದುದರಿಂದ ಅವನು ಹೋರಾಡಲೇಬೇಕಾಯಿತು.

10 ಜುಲೈರಂದು ಬೀಚಿ ಹೆಡ್ ಭೂಶಿರದ ಬಳಿ ಪಡೆಗಳು ಎದುರಾದವು. ಕಾರ್ನೆಲಿಸ್ ಎವರ್ಟ್‌ಸೆನ್‌ನ ನಾಯಕತ್ವದ 22 ಡಚ್ ಹಡಗುಗಳು ಮಿತ್ರಪಡೆಯ ಮುಂಚೂಣಿಯಲ್ಲಿದ್ದು, ಫ್ರೆಂಚ್ ಮುಂಚೂಣಿಯನ್ನು ಸಮೀಪದಿಂದ ಎದುರಿಸಿದವು. ಮಧ್ಯಭಾಗದಲ್ಲಿದ್ದ ಟಾರಿಂಗ್ಟನ್‌ನ ಹಡಗುಗಳು ದೂರದಲ್ಲಿಯೇ ಉಳಿದವು. ಫ್ರೆಂಚ್ ಸಾಲಿನ ತುದಿಯ ಹಡಗುಗಳು ಸುತ್ತಿ ಬಂದು ಡಚ್ಚರ ಇನ್ನೊಂದು ಪಕ್ಕಕ್ಕೂ ಸೇರಿದ್ದರಿಂದ, ಅವರು ಎರಡೂ ಕಡೆಯಿಂದ ಹಲವು ಗಂಟೆ ಗುಂಡಿನ ಹೊಡೆತ ತಿಂದರು. ವಾನ್ ಬ್ರಾಕೆಲ್ ಈ ಕದನದಲ್ಲಿ ಸತ್ತ. ಇನ್ನೊಬ್ಬ ಸ್ಖೌಟ್-ಬೆಯ್-ನಾಖ್ಟ್ ಯಾನ್ ಡಿಕ್ ಕೂಡ ಮಡಿದ. ಗಾಳಿ ನಿಂತು ಇಳಿತ ಆರಂಭವಾದಾಗ ಮಿತ್ರಪಡೆಯವರು ಹಾಯಿ ಇಳಿಸದೆಯೇ ಲಂಗರು ಹಾಕಿದರು. ಇದನ್ನು ಗಮನಿಸದ ಫ್ರೆಂಚರು ಸೆಳೆತಕ್ಕೆ ದೂರ ಹೋದದ್ದರಿಂದ ಉಳಿದ ಹಡಗುಗಳು ಪಾರಾದವು.

ಡಚ್ಚರನ್ನು ಕೈಬಿಟ್ಟನೆಂಬ ಆಪಾದನೆಯ ಮೇಲೆ ಟಾರಿಂಗ್ಟನ್‌ನನ್ನು ಲಂಡನ್ ಗೋಪುರದಲ್ಲಿ ಸೆರೆಯಿಡಲಾಯಿತು. ಸೈನಿಕ ನ್ಯಾಯಾಲಯ ಅದೇ ಡಿಸೆಂಬರ್‌ನಲ್ಲಿ ಅವನನ್ನು ನಿರ್ದೋಷಿ ಎಂದು ಘೋಷಿಸಿತು. ತೀರ್ಪು ಡಚ್ಚರಲ್ಲಿ ಅಸಮಾಧಾನ ಉಂಟುಮಾಡಿತು. ವಿಲಿಯಂ ಅವನನ್ನು ಸೇವೆಯಿಂದ ತೆಗೆದುಹಾಕಿದ.

## ಸ್ಮಾರಕಗಳು

ರಾಟರ್‌ಡ್ಯಾಮಿನ ಸಂತ ಲಾರೆನ್ಸ್ ಚರ್ಚಿನಲ್ಲಿ ವಾನ್ ಬ್ರಾಕೆಲ್‌ನ ಅಮೃತಶಿಲೆಯ ಸ್ಮಾರಕವಿದೆ. ವಿಟ್ಟೆ ಡಿ ವಿಟ್ ಮತ್ತು ಎಗ್ಬರ್ಟ್ ಕೋರ್ಟೆನಾರ್ ಎಂಬ ನೌಕಾನಾಯಕರ ಸ್ಮಾರಕಗಳೂ ಇಲ್ಲಿವೆ. 14 ಮೇ 1940ರಂದು ಜರ್ಮನ್ ವಿಮಾನಗಳ ಬಾಂಬ್ ದಾಳಿಯಲ್ಲಿ ಈ ಚರ್ಚ್ ತೀವ್ರವಾಗಿ ಹಾಳಾಗಿ, ಯುದ್ಧಾನಂತರ ಪುನರ್ನಿರ್ಮಾಣಗೊಂಡಿತು. ರಾಯಲ್ ಚಾರ್ಲ್ಸ್‌ನ ಹಿಂಭಾಗದ ಕೆತ್ತನೆಯ ಮರದ ಫಲಕ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಡಚ್ ನೌಕಾಪಡೆ 1930ರ ದಶಕದಲ್ಲಿ ನಿರ್ಮಿಸಿದ ಒಂದು ಸಿಡಿಗುಂಡು ಹುದುಗಿಸುವ ಹಡಗಿಗೂ, 1980ರ ದಶಕದಲ್ಲಿ ಸೇವೆಗೆ ಸೇರಿಸಿದ ಕೋರ್ಟೆನಾರ್ ವರ್ಗದ ಒಂದು ಫ್ರಿಗೇಟ್ ಯುದ್ಧನೌಕೆಗೂ ಯಾನ್ ವಾನ್ ಬ್ರಾಕೆಲ್ ಎಂದು ಹೆಸರಿಟ್ಟಿತ್ತು. ಫ್ರಿಗೇಟ್ ಮುಂದೆ ಗ್ರೀಸ್ ದೇಶಕ್ಕೆ ಮಾರಾಟವಾಗಿ, ಅಗ್ನಿನೌಕೆಗಳ ಕಾಳಗಕ್ಕೆ ಹೆಸರಾದ ಗ್ರೀಕ್ ನಾವಿಕ ಕನಾರಿಸ್‌ನ ಹೆಸರನ್ನು ಪಡೆಯಿತು.

## ಮೌಲ್ಯಮಾಪನ

ವಾನ್ ಬ್ರಾಕೆಲ್ ದೊಡ್ಡ ಪಡೆಯೊಂದನ್ನು ಸ್ವತಂತ್ರವಾಗಿ ನಡೆಸಿದವನಲ್ಲ. ಅವನ ಖ್ಯಾತಿ ನಿಂತಿರುವುದು ಒಂದೇ ಹಡಗಿನಿಂದ ಮಾಡಿದ ಎರಡು ಕೆಲಸಗಳ ಮೇಲೆ. ಎರಡರಲ್ಲೂ ವಿಧಾನ ಒಂದೇ: ಗುಂಡಿನ ನಡುವೆ ತಾಳ್ಮೆಯಿಂದ ಸಮೀಪಿಸುವುದು, ಎದುರಾಳಿಗೆ ಅಂಟಿಕೊಳ್ಳುವುದು, ಹಿಂದೆ ಬರುವ ಅಗ್ನಿನೌಕೆಗಳಿಗೆ ದಾರಿ ಸಿಗುವವರೆಗೆ ಬಿಡದಿರುವುದು. ಸರಪಳಿಯೂ ರಾಯಲ್ ಜೇಮ್ಸ್ ಕೂಡ ಕೊನೆಗೆ ಬೇರೆಯವರ ಕೈಯಿಂದ ನಾಶವಾದವು, ಆದರೆ ಆ ಅವಕಾಶ ಒದಗಿದ್ದು ಇವನಿಂದ.

1667ರ ಘಟನೆ ಆ ಕಾಲದ ಶಿಸ್ತಿನ ಮಿತಿಯನ್ನೂ ತೋರಿಸುತ್ತದೆ. ಲೂಟಿಯನ್ನು ತಡೆಯಬೇಕೆಂಬ ಕಾರ್ನೆಲಿಸ್ ಡಿ ವಿಟ್‌ನ ಉದ್ದೇಶ ಪ್ರಾಮಾಣಿಕವಾಗಿತ್ತು; ಆದರೂ ಮೊದಲ ಹಡಗಾಗಿ ಹೋಗಲು ಒಬ್ಬ ಕ್ಯಾಪ್ಟನ್ ಬೇಕಾದಾಗ ಆರೋಪಿಯನ್ನೇ ಕಳುಹಿಸಬೇಕಾಯಿತು. ಗೆಲುವಿನ ನಂತರ ಶಿಕ್ಷೆಯ ಮಾತು ಉಳಿಯಲಿಲ್ಲ. ಕದನದಿಂದ ಓಡಿದ ಕ್ಯಾಪ್ಟನ್‌ಗಳಿಗೆ ಎರಡು ವರ್ಷಗಳ ಹಿಂದಷ್ಟೇ ಮರಣದಂಡನೆ ವಿಧಿಸಿದ್ದ ನೌಕಾಪಡೆ, ಶತ್ರುವಿನತ್ತ ನುಗ್ಗುವವನ ತಪ್ಪನ್ನು ಮನ್ನಿಸಲು ಸಿದ್ಧವಿತ್ತು.